ಸೂಚನೆ ಒಂದೆಡೆ, ಹರಟೆ ಇನ್ನೊಂದೆಡೆ: ಯುವ ಸ್ವಯಂಸೇವಕ ತಂಡವನ್ನು ಮೊಬೈಲ್‌ನಲ್ಲಿ ನಡೆಸುವ ಬಗೆ

ಪ್ರಶ್ನೆ: ನಮ್ಮದು 64 ಜನರ ಯುವ ಸ್ವಯಂಸೇವಕ ತಂಡ. ಸ್ವಚ್ಛತೆ, ಗಿಡ ನೆಡುವುದು, ಮಕ್ಕಳಿಗೆ ಪಾಠ ಹೇಳಿಕೊಡುವುದು, ಹೀಗೆ ತಿಂಗಳಿಗೆ ಎರಡು ಮೂರು ಕಾರ್ಯಕ್ರಮ ಇರುತ್ತದೆ. ಎಲ್ಲವೂ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಯುತ್ತದೆ. ಸೂಚನೆ ಹಾಕಿದ ಅರ್ಧ ಗಂಟೆಯಲ್ಲಿ ಅದು ಶುಭಾಶಯ, ಫಾರ್ವರ್ಡ್‌ಗಳ ಅಡಿ ಸೇರಿಹೋಗುತ್ತದೆ. 25 ಜನ ‘ಬರ್ತೀವಿ’ ಅಂದರೆ ಬರುವುದು 9 ಜನ. ಗುಂಪು ಶುರು ಮಾಡಿದವರು ಬೇರೆ ಊರು ಸೇರಿದ್ದಾರೆ. ಅಡ್ಮಿನ್ ಈಗಲೂ ಅವರೊಬ್ಬರೇ, ಸದಸ್ಯರ ಪಟ್ಟಿ ಇರುವುದೂ ಅವರ ಖಾತೆಯಲ್ಲೇ. 11 ಮಂದಿಗೆ ಇನ್ನೂ 18 ತುಂಬಿಲ್ಲ. ಐವರ ಬಳಿ ಇರುವುದು ಕೀಪ್ಯಾಡ್ ಫೋನ್. ಯಾವ ಆ್ಯಪ್‌ಗೆ ಬದಲಾದರೆ ಇದೆಲ್ಲ ಸರಿಹೋಗುತ್ತದೆ?

ಉತ್ತರ: ಸದ್ಯಕ್ಕೆ ಯಾವ ಆ್ಯಪ್‌ಗೂ ಬದಲಾಗಬೇಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ 1024 ಜನ ಹಿಡಿಸುತ್ತಾರೆ, ಸಿಗ್ನಲ್‌ನಲ್ಲಿ 1000, ಟೆಲಿಗ್ರಾಂನಲ್ಲಿ ಎರಡು ಲಕ್ಷ. 64 ಜನರಿಗೆ ಇವುಗಳಲ್ಲಿ ಯಾವುದೂ ಸಾಲದೆ ಬರುವುದಿಲ್ಲ. ಹೊಸ ಆ್ಯಪ್‌ಗೆ ಹೋದರೆ ಕೆಲವರು ಅಲ್ಲಿ, ಕೆಲವರು ಇಲ್ಲಿ ಉಳಿದು, ಒಂದೇ ಸೂಚನೆಯನ್ನು ಎರಡು ಕಡೆ ಹಾಕುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಇವತ್ತು ಒಂದೇ ಗುಂಪಿನಲ್ಲಿ ನೀವು ಮೂರು ಬೇರೆ ಬೇರೆ ಕೆಲಸ ಮಾಡುತ್ತಿದ್ದೀರಿ: ಎಲ್ಲರಿಗೂ ಸಾರುವುದು, ತಮ್ಮತಮ್ಮಲ್ಲಿ ಮಾತಾಡುವುದು, ದಾಖಲೆ ಇಡುವುದು. ಮೂರಕ್ಕೂ ಬೇಕಾದ ಜಾಗ ಬೇರೆ ಬೇರೆ. ಜೊತೆಗೆ ಎಲ್ಲದರ ಕೀಲಿ ಊರಲ್ಲಿಲ್ಲದ ಒಬ್ಬರ ಜೇಬಿನಲ್ಲಿದೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಕೀಲಿ

ಇವತ್ತೇ ಆ ಹಳೆಯ ಅಡ್ಮಿನ್‌ಗೆ ಕರೆ ಮಾಡಿ, ಈಗ ಸಕ್ರಿಯವಾಗಿರುವ ಮೂವರನ್ನು ಅಡ್ಮಿನ್ ಮಾಡಿಸಿಕೊಳ್ಳಿ. ಅವರ ಫೋನಿನಲ್ಲಿ ಸದಸ್ಯರ ಹೆಸರನ್ನು ಒತ್ತಿ ಹಿಡಿದರೆ ಆ ಆಯ್ಕೆ ಬರುತ್ತದೆ, ಒಂದು ನಿಮಿಷದ ಕೆಲಸ. ಅವರು ಗುಂಪು ಬಿಟ್ಟು ಹೋದರೆ ವಾಟ್ಸ್‌ಆ್ಯಪ್ ತಾನೇ ಯಾರೋ ಒಬ್ಬರನ್ನು ಅಡ್ಮಿನ್ ಮಾಡುತ್ತದೆ. ಆ ‘ಯಾರೋ ಒಬ್ಬರು’ ತಂಡಕ್ಕೆ ಮೊನ್ನೆ ಸೇರಿದ ಹುಡುಗನೂ ಆಗಬಹುದು. ಗುಂಪು ಬಿಡದೆ ಸಿಮ್ ಮಾತ್ರ ಬದಲಿಸಿ ಸುಮ್ಮನಾದರೆ ಇನ್ನೂ ಕಷ್ಟ: ಖಾತೆ ಬಳಕೆಯಿಲ್ಲದೆ 120 ದಿನ ಕಳೆದು ಅಳಿಯುವವರೆಗೆ ಗುಂಪಿಗೆ ಯಜಮಾನರೇ ಇರುವುದಿಲ್ಲ. ಅಡ್ಮಿನ್‌ಗಳು ಮೂವರು ಸಾಕು. ಇಬ್ಬರಾದರೆ ಪರೀಕ್ಷೆಯ ದಿನಗಳಲ್ಲಿ ಇಬ್ಬರೂ ಸಿಗುವುದಿಲ್ಲ. ಎಂಟು ಮಂದಿಯಾದರೆ ಯಾರು ಯಾರನ್ನು ಸೇರಿಸಿದರು, ತೆಗೆದರು ಎಂಬ ಲೆಕ್ಕ ತಪ್ಪುತ್ತದೆ.

ಸದಸ್ಯರ ಪಟ್ಟಿಗೆ ತಂಡದ ಹೆಸರಿನಲ್ಲೇ ಒಂದು ಗೂಗಲ್ ಖಾತೆ ತೆರೆಯಿರಿ. ಫಾರ್ಮ್, ಶೀಟ್, ಫೋಟೋ, ಇಮೇಲ್ ಎಲ್ಲವೂ ಅದರಲ್ಲೇ ಇರಲಿ. ಉಚಿತವಾಗಿ ಸಿಗುವ 15 ಜಿಬಿ ಜಾಗವನ್ನು ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಕಾರ್ಯಕ್ರಮದ ವಿಡಿಯೋಗಳನ್ನು ಅಲ್ಲೇ ಸುರಿದರೆ ಜಾಗ ತುಂಬಿ ಒಂದು ದಿನ ಮೇಲ್ ಬರುವುದೇ ನಿಲ್ಲುತ್ತದೆ. ಎರಡು ವರ್ಷ ಯಾರೂ ಲಾಗಿನ್ ಆಗದಿದ್ದರೆ ಗೂಗಲ್ ಖಾತೆಯನ್ನೇ ಅಳಿಸಬಹುದು ಎಂಬುದೂ ಗೊತ್ತಿರಲಿ.

ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವುದು) ಹಾಕಲೇಬೇಕು. ಬಹಳ ತಂಡಗಳು ಎಡವುವುದೂ ಇಲ್ಲೇ. ಓಟಿಪಿ ಒಬ್ಬರ ಫೋನಿಗೆ ಬರುವಂತೆ ಇಟ್ಟಿರುತ್ತಾರೆ. ಅವರು ತಂಡ ಬಿಟ್ಟ ಮೇಲೆ ಪಾಸ್‌ವರ್ಡ್ ಗೊತ್ತಿದ್ದರೂ ಒಳಗೆ ಹೋಗಲು ಆಗುವುದಿಲ್ಲ. ಓಟಿಪಿ ಬದಲು, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಬಳಸಿ. ಹೊಂದಿಸುವಾಗ ಪರದೆ ಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದಲ್ಲ, ಆ ಒಂದೇ ಕೋಡನ್ನು ಇಬ್ಬರು ತಮ್ಮ ತಮ್ಮ ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಳ್ಳಿ. ಇಬ್ಬರಿಗೂ ಒಂದೇ ಆರು ಅಂಕಿ ತೋರಿಸುತ್ತದೆ. ಆ ಪರದೆ ಮುಚ್ಚಿದ ಮೇಲೆ ಎರಡನೆಯವರನ್ನು ಸೇರಿಸಲು ಮೊದಲಿನಿಂದ ಹೊಂದಿಸಬೇಕು, ಹಾಗಾಗಿ ಇಬ್ಬರೂ ಪಕ್ಕದಲ್ಲಿ ಕೂತು ಮಾಡುವುದೇ ಸುಲಭ. ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಅಚ್ಚು ಹಾಕಿ, ಲಕೋಟೆಯಲ್ಲಿ ಮುಚ್ಚಿ, ಅಡ್ಮಿನ್ ಅಲ್ಲದ ಹಿರಿಯರೊಬ್ಬರ ಬಳಿ ಇಡಿ. ಒಂದು ಕೋಡ್ ಒಂದೇ ಸಲ ಕೆಲಸ ಮಾಡುತ್ತದೆ. ಬಳಸಿದ್ದಕ್ಕೆ ಗೆರೆ ಎಳೆಯಿರಿ.

ಹಳೆಯ ಪಟ್ಟಿ ಈಗ ಇನ್ನೊಬ್ಬರ ಖಾತೆಯಲ್ಲಿದೆ. ಅದನ್ನು ಹಂಚಿಕೊಳ್ಳಿ ಎಂದಷ್ಟೇ ಕೇಳಿದರೆ ಅವರು ಅಳಿಸಿದ ದಿನ ನಿಮ್ಮದೂ ಹೋಗುತ್ತದೆ. ಹಂಚಿಕೊಂಡ ಮೇಲೆ ‘ಮೇಕ್ ಎ ಕಾಪಿ’ ಒತ್ತಿ ತಂಡದ ಖಾತೆಗೆ ಪ್ರತಿ ಇಳಿಸಿಕೊಳ್ಳಿ. ಆಮೇಲೆ ಹಳೆಯದನ್ನು ಅಳಿಸಲು ಅವರನ್ನೇ ಕೇಳಿಕೊಳ್ಳಿ. 64 ಜನರ ನಂಬರು ತಂಡದಲ್ಲಿಲ್ಲದವರ ಬಳಿ ಉಳಿಯಬಾರದು.

ಸೂಚನೆಯ ಗುಂಪು

ಹೊಸದೊಂದು ಗುಂಪು ಮಾಡಿ, ತಂಡದ ಹೆಸರಿನ ಮುಂದೆ ‘ಸೂಚನೆ’ ಎಂದು ಸೇರಿಸಿ. ಗುಂಪಿನ ಹೆಸರು ಒತ್ತಿ, ‘ಗ್ರೂಪ್ ಪರ್ಮಿಷನ್ಸ್’ಗೆ ಹೋಗಿ, ಸಂದೇಶ ಕಳಿಸುವುದು, ಗುಂಪಿನ ವಿವರ ತಿದ್ದುವುದು, ಹೊಸಬರನ್ನು ಸೇರಿಸುವುದು ಮೂರನ್ನೂ ಅಡ್ಮಿನ್‌ಗಳಿಗೆ ಮಾತ್ರ ಬಿಡಿ. ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕು ಎಂಬ ಆಯ್ಕೆಯನ್ನು ಆನ್ ಮಾಡಿ. ವಾರಕ್ಕೆ ಮೂರಕ್ಕಿಂತ ಹೆಚ್ಚು ಸಂದೇಶ ಬೇಡ, ರಾತ್ರಿ ಒಂಬತ್ತರ ಮೇಲೆ ತುರ್ತಿನದು ಬಿಟ್ಟು ಬೇರೇನೂ ಬೇಡ. ಹುಟ್ಟುಹಬ್ಬದ ಶುಭಾಶಯವೂ ಇಲ್ಲಿ ಬೇಡ, ಅಧ್ಯಕ್ಷರದ್ದಾದರೂ ಸರಿ. ಈ ಒಂದು ವಿಷಯದಲ್ಲಿ ಬಿಗಿಯಾಗಿರಿ: ಇದು ಸದ್ದು ಮಾಡಿದರೆ ಕೆಲಸದ ಮಾತು ಎಂಬ ನಂಬಿಕೆ ಒಮ್ಮೆ ಮುರಿದರೆ ಎಲ್ಲರೂ ಮ್ಯೂಟ್ ಮಾಡುತ್ತಾರೆ, ಮತ್ತೆ ಅದೇ ಕಥೆ.

ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಗುಂಪಿನಲ್ಲಾದರೆ ನೀವು ಹಾಕಿದ ಸಂದೇಶವನ್ನು ಒತ್ತಿ ಹಿಡಿದು ‘ಇನ್ಫೊ’ ನೋಡಿದರೆ ಯಾರು ಓದಿದ್ದಾರೆ, ಯಾರಿಗೆ ತಲುಪಿದೆ ಎಂಬ ಎರಡು ಪಟ್ಟಿ ಸಿಗುತ್ತದೆ. ನೀಲಿ ಗೆರೆ ತೋರದಂತೆ ಇಟ್ಟುಕೊಂಡವರೂ ಗುಂಪಿನಲ್ಲಿ ಓದಿದ್ದು ಕಾಣುತ್ತದೆ. ಸೂಚನೆ ಹಾಕಿದ 24 ಗಂಟೆಯ ನಂತರ ಎರಡೂ ಪಟ್ಟಿಯಲ್ಲಿ ಇಲ್ಲದವರಿಗೆ ನೇರವಾಗಿ ಕರೆ ಮಾಡಿ. ಅವರ ಫೋನು ಕೆಟ್ಟಿರುತ್ತದೆ, ಡೇಟಾ ಮುಗಿದಿರುತ್ತದೆ, ಇಲ್ಲವೇ ನಂಬರು ಬದಲಾಗಿರುತ್ತದೆ.

ಈಗಿನ ಹಳೆಯ ಗುಂಪು ಇರಲಿ, ಮುಚ್ಚಬೇಡಿ. ಹೆಸರಿನ ಮುಂದೆ ‘ಹರಟೆ’ ಎಂದು ಹಾಕಿ. ತಂಡ ತಂಡವಾಗಿ ಉಳಿಯುವುದು ಆ ಹರಟೆಯಿಂದಲೇ. ಜಗಳ ಬಿಸಿಯೇರಿದಾಗ ಸಂದೇಶ ಕಳಿಸುವುದನ್ನು ಒಂದು ಗಂಟೆ ಅಡ್ಮಿನ್‌ಗಳಿಗೆ ಮಾತ್ರ ಸೀಮಿತ ಮಾಡಿದರೆ ಅರ್ಧ ಜಗಳ ಅಲ್ಲೇ ಆರುತ್ತದೆ. ಉಳಿದರ್ಧಕ್ಕೆ ಇಬ್ಬರನ್ನೂ ಎದುರು ಕೂರಿಸಬೇಕು.

ಮುಂದೆ ಕೆಲಸಗಳು ಹೆಚ್ಚಾಗಿ ನಾಲ್ಕೈದು ಉಪತಂಡಗಳಾದರೆ ವಾಟ್ಸ್‌ಆ್ಯಪ್‌ನಲ್ಲೇ ‘ಕಮ್ಯುನಿಟಿ’ ಇದೆ. ಎಲ್ಲ ಗುಂಪುಗಳನ್ನೂ ಒಂದೇ ಸೂರಿನಡಿ ತಂದು, ಮೇಲೊಂದು ಪ್ರಕಟಣೆಯ ಗುಂಪನ್ನು ತಾನೇ ಮಾಡಿಕೊಡುತ್ತದೆ. ಪ್ರಕಟಣೆಯ ಗುಂಪಿನಲ್ಲಿ ಒಬ್ಬ ಸದಸ್ಯರ ನಂಬರು ಇನ್ನೊಬ್ಬರಿಗೆ ಕಾಣದಿರುವುದು ಅದರ ದೊಡ್ಡ ಅನುಕೂಲ.

ಸೂಚನೆ ಬರೆಯುವುದೂ ಒಂದು ಕೆಲಸ

ಸೂಚನೆಗಳಲ್ಲಿ ಹೆಚ್ಚು ಹಾಳು ಮಾಡುವ ಒಂದೇ ಪದ ‘ನಾಳೆ’. ಶನಿವಾರ ರಾತ್ರಿ ಹಾಕಿದ ‘ನಾಳೆ ಬೆಳಗ್ಗೆ’ಯನ್ನು ಭಾನುವಾರ ಎದ್ದು ಓದಿದವನಿಗೆ ಅದು ಸೋಮವಾರ. ಯಾರೋ ಫಾರ್ವರ್ಡ್ ಮಾಡಿದರಂತೂ ಯಾವ ದಿನದ ನಾಳೆ ಎಂದು ದೇವರೇ ಬಲ್ಲ. ವಾರ, ತಾರೀಖು, ಗಂಟೆ ಮೂರನ್ನೂ ಮೊದಲ ಸಾಲಿನಲ್ಲೇ ಬರೆಯಿರಿ. ಫೋನಿನ ಮೇಲೆ ಇಣುಕುವುದು ಮೊದಲ ಒಂದೆರಡು ಸಾಲು ಮಾತ್ರ. ‘ಆತ್ಮೀಯ ಬಂಧುಗಳೇ, ತಮಗೆಲ್ಲ ತಿಳಿದಿರುವಂತೆ’ ಎಂದು ಶುರು ಮಾಡಿದರೆ ಇಣುಕಿದವರಿಗೆ ಸಿಗುವುದು ಅಷ್ಟೇ. ಮಾದರಿ ಹೀಗೆ:

ಭಾನುವಾರ, ಜೂನ್ 14, ಬೆಳಗ್ಗೆ 6.30ರಿಂದ 9.30: ಉದ್ಯಾನ ಸ್ವಚ್ಛತೆ
ಸೇರುವ ಜಾಗ: ಪೂರ್ವದ ಗೇಟ್ (ಕೆಳಗೆ ಲೊಕೇಷನ್ ಇದೆ)
ಬೇಕಾದವರು: 20 ಜನ
ತರಬೇಕಾದ್ದು: ನೀರಿನ ಬಾಟಲಿ, ಮುಚ್ಚಿದ ಶೂ. ಕೈಗವಸು, ಚೀಲ ನಾವು ಕೊಡುತ್ತೇವೆ.
ಬರುವವರು ಗುರುವಾರ ರಾತ್ರಿ 8ರೊಳಗೆ ಕೆಳಗಿನ ಪೋಲ್‌ನಲ್ಲಿ ಒತ್ತಿ.
ಅಂದು ದಾರಿ ತಪ್ಪಿದರೆ ಕರೆ: ಗೇಟ್‌ನಲ್ಲಿ ಇರುವವರ ಹೆಸರು, ನಂಬರು

ಮುಗಿಯುವ ಗಂಟೆ ಬರೆಯುವುದನ್ನು ಬಹಳ ಜನ ಮರೆಯುತ್ತಾರೆ. ಮನೆಯಲ್ಲಿ ಒಪ್ಪಿಗೆ ಕೇಳಬೇಕಾದ ಹುಡುಗ ಹುಡುಗಿಯರಿಗೆ ಶುರುವಿನ ಗಂಟೆಗಿಂತ ಮುಖ್ಯವಾದದ್ದು ಅದು. ಈ ಸಂದೇಶವನ್ನು ಕಾರ್ಯಕ್ರಮದ ದಿನದವರೆಗೆ ಪಿನ್ ಮಾಡಿ. ವಾಟ್ಸ್‌ಆ್ಯಪ್ 24 ಗಂಟೆ, 7 ದಿನ, 30 ದಿನ ಎಂಬ ಮೂರು ಅವಧಿ ಕೊಡುತ್ತದೆ.

ಪೋಸ್ಟರ್ ಮಾಡುವ ಆಸೆ ಇದ್ದರೆ ಮಾಡಿ, ಆದರೆ ಅಕ್ಷರದ ಸಂದೇಶದ ಜೊತೆಗೆ. ಚಿತ್ರದೊಳಗಿನ ತಾರೀಖನ್ನು ಆಮೇಲೆ ಹುಡುಕಲು ಆಗುವುದಿಲ್ಲ, ನಂಬರನ್ನು ಒತ್ತಿ ಕರೆ ಮಾಡಲು ಆಗುವುದಿಲ್ಲ, ಕಣ್ಣು ಕಾಣದ ಸದಸ್ಯರ ಫೋನು ಅದನ್ನು ಓದಿ ಹೇಳುವುದೂ ಇಲ್ಲ. ಇನ್ನೊಂದು ಎಚ್ಚರ: ಕಂಪ್ಯೂಟರಿನಲ್ಲಿ ನುಡಿ, ಬರಹದಂಥ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಕನ್ನಡ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

25 ಜನ ಒಪ್ಪಿ 9 ಜನ ಬರುವುದು

ಇದಕ್ಕೆ ತಂತ್ರಜ್ಞಾನದ ಪಾಲು ಅರ್ಧ, ಮನುಷ್ಯರ ಪಾಲು ಅರ್ಧ. ಪೋಲ್‌ನಲ್ಲಿ ‘ಬರ್ತೀನಿ’ ಒತ್ತುವುದು ಬರುತ್ತೇನೆಂಬ ಮಾತಲ್ಲ, ‘ಒಳ್ಳೆ ಕೆಲಸ’ ಎಂದು ಬೆನ್ನು ತಟ್ಟಿದ ಹಾಗೆ. ಒತ್ತಿದವನ ಮೇಲೆ ಯಾವ ಕೆಲಸವೂ ಬಿದ್ದಿರುವುದಿಲ್ಲ. ಅವನು ಬಾರದಿದ್ದರೆ ಯಾವುದು ನಿಂತುಹೋಗುತ್ತದೆ ಎಂಬುದು ಅವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಆದ್ದರಿಂದ ಪೋಲ್‌ನ ಆಯ್ಕೆಗಳನ್ನೇ ಬದಲಿಸಿ. ವಾಟ್ಸ್‌ಆ್ಯಪ್ ಪೋಲ್‌ನಲ್ಲಿ 12 ಆಯ್ಕೆ ಹಾಕಬಹುದು. ‘ಬರ್ತೀನಿ, ಬರಲ್ಲ, ನೋಡ್ತೀನಿ’ ಬದಲು ಕೆಲಸಗಳನ್ನು ಬರೆಯಿರಿ: ‘6.15ಕ್ಕೆ ಬಂದು ಕೈಗವಸು ಹಂಚುವುದು, 2 ಜನ’, ‘ಕಸ ಆಯುವುದು, 12 ಜನ’, ‘ಚೀಲ ಸಾಗಿಸುವುದು, 4 ಜನ’, ‘ಹಾಜರಿ ಮತ್ತು ಫೋಟೋ, 2 ಜನ’, ‘ಈ ಸಲ ಆಗುವುದಿಲ್ಲ’. ‘ನೋಡ್ತೀನಿ’ ಬೇಡವೇ ಬೇಡ. ಒಂದಕ್ಕಿಂತ ಹೆಚ್ಚು ಉತ್ತರ ಒತ್ತುವ ಅವಕಾಶವನ್ನು ಪೋಲ್ ಹಾಕುವಾಗಲೇ ತೆಗೆದುಬಿಡಿ. ಪೋಲ್‌ಗೆ ಎರಡು ಕೊರತೆಗಳಿವೆ. ಯಾರು ಒತ್ತಲಿಲ್ಲ ಎಂಬ ಪಟ್ಟಿ ಅದು ಕೊಡುವುದಿಲ್ಲ. 12 ಜನ ಸಾಕು ಎಂದು ಬರೆದರೂ ಹದಿಮೂರನೆಯವರನ್ನು ತಡೆಯುವುದಿಲ್ಲ. ಗುರುವಾರ ರಾತ್ರಿ ಒಬ್ಬರು ಕೂತು ಹೆಸರುಗಳನ್ನು ಶೀಟಿಗೆ ಇಳಿಸಿ, ಹೆಚ್ಚಾದವರನ್ನು ಬೇರೆ ಕೆಲಸಕ್ಕೆ ಸರಿಸಿ ಅವರಿಗೆ ತಿಳಿಸಬೇಕು.

ಮನುಷ್ಯರ ಪಾಲು ಹೀಗೆ. 64 ಜನರಲ್ಲಿ ಮೂವರು ಅಡ್ಮಿನ್‌ಗಳು, ಆರು ಮಂದಿ ತಂಡನಾಯಕರು ಎಂದಿಟ್ಟುಕೊಳ್ಳಿ. ಉಳಿದ 55 ಜನರನ್ನು ಆರು ಭಾಗ ಮಾಡಿದರೆ ಒಬ್ಬ ನಾಯಕನ ಕೈಯಲ್ಲಿ 9 ಅಥವಾ 10 ಹೆಸರು. ಸೂಚನೆ ಹೋಗುವುದು ಹತ್ತು ದಿನ ಮುಂಚೆ. ನೆನಪಿನ ಸಂದೇಶ ಮೂರು ದಿನ ಮುಂಚೆ. ಹಿಂದಿನ ಸಂಜೆ, ಒಪ್ಪಿಕೊಂಡವರಿಗೆ ಮಾತ್ರ, ನಾಯಕನ ಕರೆ. ಕರೆಯೇ, ಸಂದೇಶವಲ್ಲ. ‘ನಾಳೆ ಆರೂಕಾಲಿಗೆ ನೀನೇ ಕೈಗವಸು ಹಂಚ್ಬೇಕು, ಬರ್ತೀಯ ತಾನೇ?’ ಎಂದು ಕೇಳಿದರೆ ಒಂದೇ ನಿಮಿಷದಲ್ಲಿ ನಿಜವಾದ ಉತ್ತರ ಬರುತ್ತದೆ. ಬರುವುದಿಲ್ಲ ಎಂದರೂ ನಷ್ಟವಿಲ್ಲ, ಬೇರೆಯವರನ್ನು ಹುಡುಕಲು ಒಂದು ರಾತ್ರಿ ಸಿಕ್ಕಿತಲ್ಲ.

ಒಪ್ಪಿದವರೆಷ್ಟು, ಬಂದವರೆಷ್ಟು ಎಂದು ಪ್ರತಿ ಸಲ ಬರೆದಿಡಿ. ಈಗ 25ಕ್ಕೆ 9, ಅಂದರೆ ನೂರಕ್ಕೆ 36. ನಾಲ್ಕು ಕಾರ್ಯಕ್ರಮದ ಲೆಕ್ಕ ಕೈಗೆ ಬಂದ ಮೇಲೆ, 20 ಜನ ಬೇಕಿದ್ದರೆ ಎಷ್ಟು ಜನ ಒಪ್ಪಬೇಕು ಎಂದು ಊಹೆ ಮಾಡದೆ ಹೇಳಬಹುದು. ಮಳೆಗಾಲ, ಪರೀಕ್ಷೆ ಕಾಲದ ಲೆಕ್ಕ ಬೇರೆ ಇಡಿ. ಬಾರದವರ ಹೆಸರನ್ನು ಗುಂಪಿನಲ್ಲಿ ಹಾಕಿ ಅವಮಾನ ಮಾಡಬೇಡಿ. ಮುಂದಿನ ಸಲ ಅವರು ‘ಆಗುವುದಿಲ್ಲ’ ಎಂದೂ ಒತ್ತದೆ ಸುಮ್ಮನಾಗುತ್ತಾರೆ.

ಫಾರ್ಮ್ ಮತ್ತು ಶೀಟ್

ಸದಸ್ಯರ ಮಾಹಿತಿಗೆ ಗೂಗಲ್ ಫಾರ್ಮ್ ಸಾಕು, ಎಂಟು ಪ್ರಶ್ನೆ ಮೀರಬೇಡಿ: ಹೆಸರು, ಫೋನ್, 18 ತುಂಬಿದೆಯೇ, ತುಂಬದಿದ್ದರೆ ತುಂಬುವ ತಾರೀಖು ಮತ್ತು ಪೋಷಕರ ನಂಬರು, ತುರ್ತಿಗೆ ಯಾರಿಗೆ ಕರೆ ಮಾಡಬೇಕು, ಯಾವ ದಿನ ಬಿಡುವು, ಬರುವ ಕೆಲಸ (ವಾಹನ ಚಾಲನೆ, ಪ್ರಥಮ ಚಿಕಿತ್ಸೆ, ಫೋಟೋ ಇತ್ಯಾದಿ). ಗುರುತಿನ ಚೀಟಿಯ ಫೋಟೋ ಕೇಳಬೇಡಿ. ಕೇಳಿದ್ದನ್ನು ಕಾಪಾಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ, ಅಲ್ಲದೆ ಫೈಲ್ ಹಾಕುವ ಪ್ರಶ್ನೆ ಇದ್ದರೆ ಗೂಗಲ್ ಖಾತೆಯಿಲ್ಲದವರಿಗೆ ಫಾರ್ಮ್ ತೆರೆಯುವುದೇ ಇಲ್ಲ. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಆಯ್ಕೆಗೂ ಅದೇ ತೊಡಕು. ಒಬ್ಬರೇ ಎರಡು ಸಲ ತುಂಬಿದ್ದರೆ ಫೋನ್ ನಂಬರು ನೋಡಿ ಆಮೇಲೆ ತೆಗೆದರಾಯಿತು.

ಫಾರ್ಮ್‌ನ ಸೆಟ್ಟಿಂಗ್ಸ್‌ನಲ್ಲಿ ಉತ್ತರಗಳ ಸಾರಾಂಶವನ್ನು ಎಲ್ಲರಿಗೂ ತೋರಿಸುವ ಒಂದು ಆಯ್ಕೆ ಇದೆ. ಅದು ಆಫ್ ಇದೆಯೇ ಎಂದು ಎರಡು ಸಲ ನೋಡಿ. ಆನ್ ಇದ್ದರೆ ಫಾರ್ಮ್ ತುಂಬಿದ ಪ್ರತಿಯೊಬ್ಬರಿಗೂ ಉಳಿದವರು ಬರೆದ ಫೋನ್ ನಂಬರುಗಳು ಕಾಣುತ್ತವೆ.

ಉತ್ತರಗಳು ಬಂದು ಬೀಳುವ ಶೀಟಿನ ಹಾಳೆಯನ್ನು ಮುಟ್ಟಬೇಡಿ. ಅಲ್ಲೇ ವಿಂಗಡಿಸುವುದು, ನಡುವೆ ಕಾಲಂ ಸೇರಿಸುವುದು ಮಾಡಿದರೆ ಪಕ್ಕದಲ್ಲಿ ನೀವು ಕೈಯಾರೆ ಬರೆದ ಟಿಪ್ಪಣಿ ಬೇರೆಯವರ ಹೆಸರಿನ ಎದುರು ಹೋಗಿ ಕೂರುತ್ತದೆ. ಎರಡನೆಯ ಹಾಳೆ ತೆರೆದು ಅಲ್ಲಿಗೆ ನಕಲು ತಂದು ಕೆಲಸ ಮಾಡಿ. ಫೋನ್ ನಂಬರಿನ ಕಾಲಂ ಅನ್ನು ‘ಪ್ಲೇನ್ ಟೆಕ್ಸ್ಟ್’ ಮಾಡಿಡಿ; ಇಲ್ಲದಿದ್ದರೆ ಶೀಟ್ ಅದನ್ನು ಸಂಖ್ಯೆ ಎಂದು ತಿಳಿದು ಮುಂದಿನ ಸೊನ್ನೆಯನ್ನೂ ಪ್ಲಸ್ ಚಿಹ್ನೆಯನ್ನೂ ನುಂಗುತ್ತದೆ. ಹಂಚಿಕೆಯಲ್ಲಿ ‘ಲಿಂಕ್ ಇರುವ ಯಾರಾದರೂ’ ಎಂಬುದನ್ನು ತೆಗೆದು, ಮೂವರು ಅಡ್ಮಿನ್‌ಗಳ ಇಮೇಲ್‌ಗೆ ಮಾತ್ರ ತಿದ್ದುವ ಅನುಮತಿ ಕೊಡಿ. ನಾಯಕರಿಗೆ ಅವರವರ ಹತ್ತು ಹೆಸರಿನ ಪ್ರತಿ ಸಾಕು. ಯಾರೋ ಅರ್ಧ ಹಾಳೆ ಅಳಿಸಿದರೂ ಗಾಬರಿ ಬೇಡ, ‘ವರ್ಷನ್ ಹಿಸ್ಟರಿ’ಯಲ್ಲಿ ಹಿಂದಿನದು ಇರುತ್ತದೆ.

ಇದೇ ಫೈಲಿನ ಇನ್ನೊಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ತಾರೀಖು, ತೀರ್ಮಾನ, ಯಾರು, ಯಾವಾಗಿನೊಳಗೆ, ಆಯಿತೇ. ಸಭೆಯಲ್ಲಾಗಲಿ ಹರಟೆಯ ಗುಂಪಿನಲ್ಲಾಗಲಿ ಆದ ತೀರ್ಮಾನ ಇಲ್ಲಿ ಬರೆಯುವವರೆಗೆ ತೀರ್ಮಾನವಲ್ಲ ಎಂದು ಎಲ್ಲರೂ ಒಪ್ಪಿಕೊಳ್ಳಿ. ವಾಯ್ಸ್ ನೋಟ್‌ನಲ್ಲಿ ಆದ ಮಾತಿಗೆ ಇದು ಇನ್ನೂ ಮುಖ್ಯ. ಮೂರು ತಿಂಗಳ ನಂತರ ಆ ನಾಲ್ಕು ನಿಮಿಷದ ಧ್ವನಿಯನ್ನು ಹುಡುಕಿ ಕೇಳುವವರು ಯಾರೂ ಇಲ್ಲ.

ಹಾಜರಿಗೆ ಗೇಟಿನ ಬಳಿ ಕ್ಯೂಆರ್ ಕೋಡ್ ಅಂಟಿಸಬಹುದು. ಎರಡು ಮೀಟರ್ ದೂರದಿಂದ ಸ್ಕ್ಯಾನ್ ಆಗಬೇಕಾದರೆ ಕೋಡಿನ ಬದಿ ಸುಮಾರು 20 ಸೆಂಟಿಮೀಟರ್ ಇರಲಿ, ಅಂದರೆ ದೂರದ ಹತ್ತನೇ ಒಂದು. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಬಿಸಿಲಿಗೆ ಮಿನುಗಿ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಕೆಲವು ಉಚಿತ ತಾಣಗಳು ಕೊಡುವ ‘ಡೈನಾಮಿಕ್’ ಕೋಡ್ ಅವರ ಸರ್ವರ್ ಮೂಲಕ ಹಾದು ಹೋಗುತ್ತದೆ, ಕೆಲ ದಿನಗಳ ಮೇಲೆ ಹಣ ಕೇಳಿ ನಿಲ್ಲುತ್ತದೆ. ಕ್ರೋಮ್ ಬ್ರೌಸರ್‌ನಲ್ಲಿ ಫಾರ್ಮ್ ತೆರೆದು ‘ಶೇರ್’ನಲ್ಲಿ ಸಿಗುವ ಕ್ಯೂಆರ್ ಕೋಡ್ ನೇರವಾಗಿ ಫಾರ್ಮ್‌ಗೇ ಹೋಗುತ್ತದೆ, ಅವಧಿ ಮುಗಿಯುವ ಮಾತಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ 20 ಜನರ ಹಾಜರಿಗೆ ಒಂದು ಹಾಳೆ, ಒಂದು ಪೆನ್ನು ಇವುಗಳಿಗಿಂತ ಬೇಗ.

18 ತುಂಬದ ಹನ್ನೊಂದು ಮಂದಿ

ಇಲ್ಲಿ ಸಡಿಲ ಬಿಡಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ: ಮಕ್ಕಳ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕಾದ ವಯಸ್ಸು ಅಮೆರಿಕದಲ್ಲಿ 13ರ ಕೆಳಗೆ, ಯುರೋಪಿನ ದೇಶಗಳಲ್ಲಿ 13ರಿಂದ 16ರ ನಡುವೆ ಒಂದೊಂದು ಕಡೆ ಒಂದೊಂದು, ಭಾರತದ 2023ರ ಕಾಯ್ದೆಯಲ್ಲಿ 18ರ ಕೆಳಗೆ. 18 ಎಂದು ಹಿಡಿದರೆ ಈ ಯಾವ ಕಡೆಯೂ ತಪ್ಪಾಗುವುದಿಲ್ಲ.

ನಿಯಮ ಒಂದೇ, ಆದರೆ ಗಟ್ಟಿ: ತಂಡದ ವಯಸ್ಕರು ಯಾರೂ 18 ತುಂಬದವರೊಂದಿಗೆ ಖಾಸಗಿಯಾಗಿ ಸಂದೇಶ ಕಳಿಸುವಂತಿಲ್ಲ. ಹೇಳಬೇಕಾದ್ದನ್ನು ಕನಿಷ್ಠ ಇಬ್ಬರು ವಯಸ್ಕರಿರುವ ಗುಂಪಿನಲ್ಲಿ ಹೇಳಿ, ಇಲ್ಲವೇ ಪೋಷಕರಿಗೆ ಹೇಳಿ. ಇದು ಮಕ್ಕಳನ್ನೂ ಕಾಯುತ್ತದೆ, ಸುಳ್ಳು ಆರೋಪದಿಂದ ನಿಮ್ಮ ನಾಯಕರನ್ನೂ ಕಾಯುತ್ತದೆ. ಸೂಚನೆಯ ಗುಂಪಿಗೆ ಆ ಹನ್ನೊಂದು ಮಂದಿಯ ನಂಬರಿನ ಬದಲು ಪೋಷಕರ ನಂಬರು ಸೇರಿಸಿ. ಸಾಮಾನ್ಯ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಒಂದು ಕಾರ್ಯಕ್ರಮಕ್ಕೆಂದು ಸೇರಿದ ಅಪರಿಚಿತ ಆಮೇಲೆ ಹುಡುಗಿಯರಿಗೆ ‘ಹಾಯ್’ ಕಳಿಸತೊಡಗುವುದು ಇಂಥ ಗುಂಪುಗಳ ಹಳೆಯ ದೂರು. ಸೇರುವ ಲಿಂಕನ್ನು ಪೋಸ್ಟರಿನಲ್ಲಿ ಅಚ್ಚು ಹಾಕಬೇಡಿ, ಬಳಸಿದ ಲಿಂಕನ್ನು ತಿಂಗಳಿಗೊಮ್ಮೆ ‘ರೀಸೆಟ್’ ಮಾಡಿ.

ಫೋಟೋಗೆ ಒಪ್ಪಿಗೆ ಕೇಳುವಾಗ ಮೂರು ಪ್ರಶ್ನೆ ಬೇರೆ ಬೇರೆ ಕೇಳಿ: ತೆಗೆಯಬಹುದೇ, ಗುಂಪಿನೊಳಗೆ ಹಾಕಬಹುದೇ, ಸಾರ್ವಜನಿಕವಾಗಿ ಹಾಕಬಹುದೇ. ಮೊದಲ ಎರಡಕ್ಕೆ ಹೌದು, ಮೂರನೆಯದಕ್ಕೆ ಬೇಡ ಎನ್ನುವವರು ಬಹಳ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಜಾಗದ ಗುರುತು ಅಡಗಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕಳಚಿಹೋಗುತ್ತದೆ. ಸ್ಪಷ್ಟವಾಗಿ ಬರಲೆಂದು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಗುರುತೂ ಜೊತೆಗೇ ಹೋಗುತ್ತದೆ. ಕಾರ್ಯಕ್ರಮ ನಡೆಯುತ್ತಿರುವಾಗಲೇ ಮಕ್ಕಳ ಫೋಟೋವನ್ನು ಜಾಗದ ಹೆಸರಿನೊಂದಿಗೆ ಎಲ್ಲೂ ಹಾಕಬೇಡಿ, ಮನೆ ಸೇರಿದ ಮೇಲೆ ಹಾಕಿ.

ಕೀಪ್ಯಾಡ್ ಫೋನಿನ ಐವರು

ಇವರಿಗೆ ಎಸ್‌ಎಂಎಸ್. ಆದರೆ ಕನ್ನಡದ ಎಸ್‌ಎಂಎಸ್ ಬೇಗ ತುಂಬುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡ ಲಿಪಿಯಲ್ಲಿ 70 ಮಾತ್ರ; ಅದು ಮೀರಿದರೆ 67ರ ತುಂಡುಗಳಾಗಿ ಹೋಗಿ ಒಂದೊಂದು ತುಂಡೂ ಒಂದು ಸಂದೇಶವೆಂದು ಲೆಕ್ಕವಾಗುತ್ತದೆ. ಅದೂ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕವಲ್ಲ. ‘ಸ್ವಯಂಸೇವಕರು’ ನೋಡಲು ಆರು ಅಕ್ಷರ. ಫೋನಿಗೆ ಅದು ಸ, ವಿರಾಮ, ವ, ಯ, ಸೊನ್ನೆ, ಸ, ಏತ್ವ, ವ, ಕ, ರ, ಕೊಂಬು ಸೇರಿ ಹನ್ನೊಂದು. ಆದ್ದರಿಂದ ಬರಿ ಮುಖ್ಯಾಂಶ ಕಳಿಸಿ: ‘ಭಾನು 14, 6.30, ಪೂರ್ವ ಗೇಟ್. ಕರೆ ಮಾಡಿ.’ ಉಳಿದ ವಿವರ ಅವರ ನಾಯಕ ಫೋನಿನಲ್ಲಿ ಹೇಳಲಿ. ಐವರನ್ನೂ ಒಬ್ಬರ ಕೈಗೇ ಕಟ್ಟದೆ ಬೇರೆ ಬೇರೆ ನಾಯಕರಿಗೆ ಹಂಚಿ. ಹಳೆಯ ಕೆಲವು ಫೋನುಗಳಲ್ಲಿ ಕನ್ನಡದ ಬದಲು ಬರಿ ಚೌಕಗಳು ಬರುತ್ತವೆ, ಒಂದು ಸಲ ಕಳಿಸಿ ಕೇಳಿ ನೋಡಿ.

ರದ್ದಾದಾಗ, ಕಾರ್ಯಕ್ರಮದ ದಿನ

ಮಳೆ ಬಂದರೆ ಏನು ಎಂಬುದನ್ನು ಮಳೆ ಬರುವ ಮುಂಚೆ ಬರೆದಿಡಿ: ‘ಬೆಳಗ್ಗೆ 5.15ಕ್ಕೆ ತೀರ್ಮಾನ, 5.20ಕ್ಕೆ ಸಂದೇಶ.’ ಕಾರ್ಯಕ್ರಮ ಇದ್ದರೂ ಸಂದೇಶ, ಇಲ್ಲದಿದ್ದರೂ ಸಂದೇಶ. ‘ಸಂದೇಶ ಬಾರದಿದ್ದರೆ ಕಾರ್ಯಕ್ರಮ ಇದೆ ಎಂದು ತಿಳಿಯಿರಿ’ ಎಂದು ಬರೆದರೆ ಇಂಟರ್‌ನೆಟ್ ಇಲ್ಲದವನು ಮಳೆಯಲ್ಲಿ ಗೇಟಿನ ಬಳಿ ಒಬ್ಬನೇ ನಿಂತಿರುತ್ತಾನೆ. ಹಳೆಯ ಸಂದೇಶವನ್ನು ತಿದ್ದಲು ವಾಟ್ಸ್‌ಆ್ಯಪ್ ಕೊಡುವುದು 15 ನಿಮಿಷ ಮಾತ್ರ, ಆದ್ದರಿಂದ ಹೊಸ ಸಂದೇಶವನ್ನೇ ಹಾಕಿ, ಮೊದಲ ಪದ ‘ರದ್ದು’ ಇರಲಿ, ಹಳೆಯದರ ಪಿನ್ ತೆಗೆಯಿರಿ. ಜೊತೆಗೆ ಕರೆಯ ಸರಪಳಿ: ಮೂವರು ಅಡ್ಮಿನ್‌ಗಳು ಇಬ್ಬಿಬ್ಬರು ನಾಯಕರಿಗೆ, ನಾಯಕರು ತಮ್ಮ ಪಟ್ಟಿಯಲ್ಲಿ ಒಪ್ಪಿಕೊಂಡವರಿಗೆ. ಒಂದು ಕರೆಗೆ ಒಂದು ನಿಮಿಷವೆಂದರೂ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ನಾಯಕ ಫೋನ್ ಎತ್ತದಿದ್ದರೆ ಅವನ ಪಟ್ಟಿಯನ್ನು ಯಾರು ಕರೆಯಬೇಕು ಎಂಬುದೂ ಮೊದಲೇ ಗೊತ್ತಿರಲಿ. ಸರಪಳಿ ತುಂಡಾಗುವುದು ಯಾವಾಗಲೂ ಅಲ್ಲೇ.

ಅಂದು ಹೆಸರು, ನಂಬರು, ತುರ್ತು ಕರೆಯ ಪಟ್ಟಿ ಕಾಗದದಲ್ಲೂ ಒಂದು ಪ್ರತಿ ಜೇಬಿನಲ್ಲಿರಲಿ, ಕೆಲಸ ಮುಗಿದ ಮೇಲೆ ಹರಿದುಹಾಕಿ. ಜನ ಹೆಚ್ಚು ಸೇರಿದ ಕಡೆ ಡೇಟಾ ಕೈಕೊಟ್ಟರೂ ಎಸ್‌ಎಂಎಸ್ ಹೋಗುವುದುಂಟು. ದೂರ ದೂರ ಹರಡಿ ಕೆಲಸ ಮಾಡುವಾಗ ನಾಯಕರು ಮಾತ್ರ ಲೈವ್ ಲೊಕೇಷನ್ ಒಂದು ಗಂಟೆಗೆ ಹಂಚಿಕೊಳ್ಳಲಿ. ಎಂಟು ಗಂಟೆಗೆ ಹಾಕಿದರೆ ಬ್ಯಾಟರಿ ಮಧ್ಯಾಹ್ನದೊಳಗೆ ಇಳಿಯುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 5,000ದ ಫೋನನ್ನು ಎರಡು ಸಲ ತುಂಬುತ್ತದೆ ಎಂದು ಲೆಕ್ಕ ಹಾಕಬೇಡಿ. ವೋಲ್ಟೇಜ್ ಬದಲಾಗುವಾಗ, ಬಿಸಿಯಾಗುವಾಗ ಒಂದಷ್ಟು ಸೋರಿಹೋಗುವುದರಿಂದ ಒಂದೂವರೆ ಸಲ ತುಂಬಿದರೆ ಹೆಚ್ಚು.

ಆನ್‌ಲೈನ್ ಸಭೆಯ ಬಗ್ಗೆ ಎರಡೇ ಮಾತು. ಉಚಿತ ಝೂಮ್ 40 ನಿಮಿಷಕ್ಕೆ ಕಡಿಯುತ್ತದೆ, ಮೂವರು ಅಥವಾ ಹೆಚ್ಚು ಜನರಿದ್ದರೆ ಗೂಗಲ್ ಮೀಟ್ ಒಂದು ಗಂಟೆಗೆ. ಎರಡರಲ್ಲೂ 100 ಜನ ಸೇರಬಹುದು. 35 ನಿಮಿಷ, ಮೂರು ವಿಷಯ ಎಂದು ಇಟ್ಟುಕೊಂಡರೆ ಯಾವುದಾದರೂ ಸಾಕು. ಒಂದೇ ಕೋಣೆಯಲ್ಲಿ ನಾಲ್ಕು ಜನ ನಾಲ್ಕು ಫೋನು ಹಿಡಿದು ಸೇರಿದರೆ ಧ್ವನಿ ಕೀರಲುಗಟ್ಟುತ್ತದೆ. ಒಂದರಲ್ಲಿ ಮಾತ್ರ ಮೈಕ್ ಮತ್ತು ಸ್ಪೀಕರ್ ಇರಲಿ. ಉಳಿದವುಗಳಲ್ಲಿ ಮ್ಯೂಟ್ ಮಾಡಿದರೆ ಸಾಲದು, ಆಡಿಯೊವನ್ನೇ ಬಿಡಿಸಬೇಕು.

ಸ್ಲ್ಯಾಕ್, ಡಿಸ್ಕಾರ್ಡ್‌ನಂಥ ತಂಡದ ಮಾತುಕತೆಯ ಆ್ಯಪ್ ಬೇಕೇ ಎಂದು ಯಾರಾದರೂ ಒತ್ತಾಯಿಸಿದರೆ ಮೊದಲು ಈ ವ್ಯವಸ್ಥೆಯನ್ನು ಮೂರು ತಿಂಗಳು ನಡೆಸಿ. ಉಚಿತ ಸ್ಲ್ಯಾಕ್‌ನಲ್ಲಿ 90 ದಿನಕ್ಕಿಂತ ಹಿಂದಿನ ಸಂದೇಶ ಕಾಣುವುದಿಲ್ಲ, ದಾಖಲೆ ಅಲ್ಲಿ ಉಳಿಯುತ್ತದೆಂದು ನಂಬಬೇಡಿ.

ಜಾರಿಗೆ ತರುವಾಗ ಎಲ್ಲವನ್ನೂ ಒಂದೇ ದಿನ ಮಾಡಬೇಡಿ. ಈ ವಾರ ಅಡ್ಮಿನ್ ಮತ್ತು ಗೂಗಲ್ ಖಾತೆ. ಮುಂದಿನ ವಾರ ಫಾರ್ಮ್. ನಾಯಕರೇ ತಮ್ಮ ಹತ್ತು ಜನರಿಂದ ತುಂಬಿಸಲಿ, ಕೀಪ್ಯಾಡಿನವರದ್ದನ್ನು ಕರೆಯಲ್ಲಿ ಕೇಳಿ ತಾವೇ ತುಂಬಲಿ. ಮೂರನೆಯ ವಾರ ಸೂಚನೆಯ ಗುಂಪು. ಒಂದು ತಿಂಗಳು ಹರಟೆಯ ಗುಂಪಿನಲ್ಲಿ ಸೂಚನೆಯನ್ನು ಪೂರ್ತಿ ಹಾಕದೆ ‘ಹೊಸ ಸೂಚನೆ ಬಂದಿದೆ, ಅಲ್ಲಿ ನೋಡಿ’ ಎಂದಷ್ಟೇ ಬರೆಯಿರಿ. ಪೂರ್ತಿ ಹಾಕಿದರೆ ಯಾರೂ ಹೊಸ ಗುಂಪನ್ನು ತೆರೆಯುವುದಿಲ್ಲ.